ಟಿಕೆಟ್ಟಿನ ಗಂಟೆಯೂ ಕುಳಿತಿರುವ ಗಂಟೆಯೂ

ಮೈಸೂರಿನ ಕುವೆಂಪುನಗರದಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟ ಹಿರಿಯರು. ಅವರಿಗೆ ದರ ಹೇಳುವ ಮೊದಲೇ ದಾರಿ ಎಷ್ಟು ದೂರ, ಎಷ್ಟು ಹೊತ್ತು ಕುಳಿತಿರಬೇಕು ಎಂದು ಲೆಕ್ಕ ಹಾಕಿ ಬರೆದುಕೊಡುತ್ತೇನೆ.

ದೂರಕ್ಕೆ ಮೇಜಿನ ಮೇಲಿನ ಭೂಗೋಳವೇ ಸಾಕು. ಗೋಡೆಯ ನಕಾಶೆ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೋಳದ ಮೇಲೆ ದಾರವನ್ನು ಬಿಗಿಹಿಡಿದರೆ ಅದು ತಾನಾಗಿ ಉತ್ತರಕ್ಕೆ ಜಾರಿ ಹಿಮಾಲಯ, ಸೈಬೀರಿಯಾ, ಅಲಾಸ್ಕಗಳ ಮೇಲೆ ಕೂರುತ್ತದೆ. ಅದೇ ಅತಿ ಹತ್ತಿರದ ದಾರಿ. ಅದೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ಓದಿದರೆ ಸುಮಾರು 126 ಡಿಗ್ರಿ. ಡಿಗ್ರಿಗೆ 111 ಕಿ.ಮೀ.ಯಂತೆ ಹೆಚ್ಚುಕಡಿಮೆ 14,000 ಕಿ.ಮೀ.

ಗಂಟೆಗೆ 900 ಕಿ.ಮೀ. ಹಿಡಿದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವ, ಇಳಿಯುವ, ಸುತ್ತಿ ಹೋಗುವ ಹೊತ್ತನ್ನು ಸೇರಿಸಿ ನಾನು ಹದಿನೇಳು, ಹದಿನೇಳೂವರೆ ಎನ್ನುತ್ತೇನೆ. ಗಾಳಿಯ ಮಾತು ಬೇರೆಯೇ ಇದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿಂದ ಹೋಯಿತು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉದ್ದವಾಯಿತು, ಆದರೂ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದುದರಿಂದ ಸುಮಾರು ಎರಡು ಗಂಟೆ ಉಳಿಯಿತು. ಬರೀ ಕಿಲೋಮೀಟರ್ ನೋಡಿ ಸಮಯ ಹೇಳಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಹಿರಿಯರು ತಬ್ಬಿಬ್ಬಾಗುವುದು ಮಾತ್ರ ಟಿಕೆಟ್ ನೋಡಿದಾಗ. "ಮಧ್ಯಾಹ್ನ ಎರಡಕ್ಕೆ ಹೊರಟರೆ ಅದೇ ದಿನ ಸಂಜೆ ಆರಕ್ಕೆ ಇಳಿಯುತ್ತೇವೆ ಅಂತಿದೆಯಲ್ಲಮ್ಮಾ, ನಾಲ್ಕೇ ಗಂಟೆಯೇ?" ಎಂದು ಮಂಡ್ಯದಿಂದ ಬಂದ ಯಜಮಾನರೊಬ್ಬರು ಕೇಳಿದರು. ಎರಡೂ ಆಯಾ ಊರಿನ ಗಂಟೆಗಳು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಸಂಜೆ ಆರಾದಾಗ ಇಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಎರಡರಿಂದ ಏಳೂವರೆಗೆ ಹದಿನೇಳೂವರೆ ಗಂಟೆ.

ಆ ಯಜಮಾನರ ಮಡದಿ ಇನ್ಸುಲಿನ್ ತೆಗೆದುಕೊಳ್ಳುವವರು. ಅವರಿಗಾಗಿ ಹಾಳೆಯ ಮಧ್ಯೆ ಗೆರೆ ಎಳೆದು ಎಡಕ್ಕೆ ನಮ್ಮ ಗಂಟೆ, ಬಲಕ್ಕೆ ಅಲ್ಲಿನ ಗಂಟೆ ಬರೆದೆ. ಮನೆಯ ಬಾಗಿಲಿನಿಂದಲೇ ಶುರು: ವಿಮಾನ ನಿಲ್ದಾಣದವರೆಗೆ ಬಸ್ಸಿನಲ್ಲಿ ನಾಲ್ಕೈದು ಗಂಟೆ, ಅಲ್ಲಿ ಮೂರು ಗಂಟೆ, ಹಾರಾಟ, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲಿನಲ್ಲಿ ಎರಡು ಗಂಟೆ. ಇಪ್ಪತ್ತೇಳು ಗಂಟೆ ಆಗಿಯೇ ಆಗುತ್ತದೆ. ಆ ಹಾಳೆಯನ್ನು ವೈದ್ಯರಿಗೆ ತೋರಿಸಿ, ಯಾವ ಹೊತ್ತಿಗೆ ಎಷ್ಟು ಔಷಧಿ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಲು ಹೇಳಿದೆ. ಈಗ ಔಷಧಿ ತೆಗೆದುಕೊಳ್ಳುವ ಎಲ್ಲರಿಗೂ ಇದನ್ನೇ ಮಾಡುತ್ತೇನೆ.

ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಆ ತಿಂಗಳುಗಳಲ್ಲಿ ಹೋಗುವವರಿಗೆ ಬಲಗಡೆಯ ಸಾಲನ್ನು ಹನ್ನೆರಡೂವರೆ ಗಂಟೆ ಕಳೆದು ಬರೆಯುತ್ತೇನೆ.