ಸ್ಟೆಂಟ್ ಆಮೇಲೆ, ಮೊದಲು ಸುಣ್ಣ ಒಡೆಯಬೇಕು

ಹೃದಯದ ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಅಗಲಿಸುವ ಆಂಜಿಯೋಪ್ಲಾಸ್ಟಿ ನಡೆಯುವಾಗ ಪರದೆಯ ಮೇಲೆ ಆ ಬಲೂನು ಕೆಲವೊಮ್ಮೆ ಡಮರುವಿನ ಹಾಗೆ ಕಾಣುತ್ತದೆ. ಎರಡೂ ತುದಿ ಉಬ್ಬಿರುತ್ತವೆ, ನಡು ಮಾತ್ರ ದಾರ ಬಿಗಿದಂತೆ. ಒತ್ತಡ ಏರಿಸಿದರೂ ಆ ಸೊಂಟ ಸಡಿಲುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣ, ಕಲ್ಲಾಗಿ ಕೂತಿದ್ದರೆ ಹೀಗಾಗುತ್ತದೆ. ನಾಳ ಮುಚ್ಚದಂತೆ ಹಿಡಿದಿಡುವ ಬಲೆಯಂಥ ಕೊಳವೆ ಸ್ಟೆಂಟ್. ಅದನ್ನು ಅಲ್ಲೇ ಹಾಕಿದರೆ ಅದೂ ಡಮರುವೇ. ಅರೆಬರೆ ಅರಳಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ, ಮತ್ತೆ ಬ್ಲಾಕ್ ಆಗುವ ಭಯ ಹೆಚ್ಚು. ಒಮ್ಮೆ ಕೂತ ಸ್ಟೆಂಟನ್ನು ಕಿತ್ತು ಸರಿಮಾಡುವುದೂ ಸುಲಭವಲ್ಲ. ಅದಕ್ಕೇ ಇಂಥ ನಾಳದಲ್ಲಿ ಸ್ಟೆಂಟ್ ಕೊನೆಯ ಕೆಲಸ.

ಹೀಗೆ ಸುಣ್ಣ ಕಟ್ಟುವುದು ಹೆಚ್ಚಾಗಿ ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆ ಇರುವವರಲ್ಲಿ, ಕಿಡ್ನಿ ಸೋತವರಲ್ಲಿ. ಎಂದರೆ ಯಾವ ಚಿಕಿತ್ಸೆಗೂ ಅಪಾಯ ಹೆಚ್ಚಿರುವವರಲ್ಲೇ!

ಮೊದಲು ತೀರ್ಮಾನ

ಬೈಪಾಸ್ ವಾಸಿಯೇ, ಸ್ಟೆಂಟ್ ವಾಸಿಯೇ? ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕೂತು ನಿರ್ಧರಿಸಬೇಕಾದ ಮಾತಿದು. ಹೃದಯದ ಪಂಪಿಂಗ್ ತೀರಾ ಕಡಿಮೆಯಿದ್ದರೆ, ಚಿಕಿತ್ಸೆ ಮುಗಿಯುವವರೆಗೆ ರಕ್ತ ಹರಿಸಲು ತೊಡೆಯ ರಕ್ತನಾಳದ ಮೂಲಕ ಪುಟ್ಟ ಪಂಪೊಂದನ್ನು ಹೃದಯಕ್ಕೆ ಇಳಿಸುವುದುಂಟು. ಕಿಡ್ನಿ ದುರ್ಬಲವಿದ್ದರೆ ನಾಳ ಪರದೆಯ ಮೇಲೆ ಕಾಣಲೆಂದು ಚುಚ್ಚುವ ಆಂಜಿಯೋಗ್ರಾಂನ ಡೈ ಆದಷ್ಟು ಕಡಿಮೆ ಬಳಸುತ್ತಾರೆ.

ಒಳಗಿನಿಂದ ನೋಡುವುದು

ಸಿ.ಟಿ. ಸ್ಕ್ಯಾನಿನ ಕ್ಯಾಲ್ಸಿಯಂ ಸ್ಕೋರ್ 400 ದಾಟಿದರೆ ಸುಣ್ಣ ಬಹಳವಿದೆ ಎಂದರ್ಥ. ಆದರೆ ಅದು ಎಷ್ಟು ದಪ್ಪ, ಗೋಡೆಯ ಎಷ್ಟು ಭಾಗ ಸುತ್ತಿದೆ ಎಂದು ತಿಳಿಯಲು ನಾಳದೊಳಕ್ಕೇ ಕ್ಯಾಮೆರಾದಂಥ ತಂತಿ ಕಳಿಸಬೇಕು. ಶಬ್ದತರಂಗದಿಂದ ನೋಡುವುದು ಐವಸ್, ಬೆಳಕಿನಿಂದ ನೋಡುವುದು ಓಸಿಟಿ. ಓಸಿಟಿ ಹಿಡಿದವರಿಗೆ ಒಂದು ಲೆಕ್ಕ ಬಾಯಿಪಾಠ: ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು, ದಪ್ಪ 0.5 ಮಿ.ಮೀ.ಗಿಂತ ಹೆಚ್ಚು, ಉದ್ದ 5 ಮಿ.ಮೀ.ಗಿಂತ ಹೆಚ್ಚು. ಮೂರೂ ಕೂಡಿದರೆ ಸ್ಟೆಂಟ್ ಪೂರ್ತಿ ಅರಳುವುದು ಅನುಮಾನ. ಈ ಹಂತವನ್ನು ಬಿಟ್ಟು ಅಂದಾಜಿನ ಮೇಲೆ ಮುಂದುವರಿಯುವುದು ನನ್ನ ಪ್ರಕಾರ ಇಡೀ ಚಿಕಿತ್ಸೆಯ ದೊಡ್ಡ ತಪ್ಪು.

ಕೊರೆಯುವುದೋ, ಬಿರುಕು ಬಿಡಿಸುವುದೋ

ಬಲೂನೇ ನುಸುಳದಷ್ಟು ಕಿರಿದಾದ ಜಾಗಕ್ಕೆ 'ರೋಟಾ' ಬೇಕು. ವಜ್ರದ ಪುಡಿ ಮೆತ್ತಿದ, ಒಂದೂಕಾಲು ಅಥವಾ ಒಂದೂವರೆ ಮಿ.ಮೀ. ಅಗಲದ ಮೊಗ್ಗಿನಂಥ ತುದಿ ನಿಮಿಷಕ್ಕೆ ಸುಮಾರು 1.4 ಲಕ್ಷದಿಂದ 1.8 ಲಕ್ಷ ಸುತ್ತು ತಿರುಗುತ್ತದೆ. ಮೆತ್ತಗಿನ ಗೋಡೆ ಪಕ್ಕಕ್ಕೆ ಬಾಗಿ ತಪ್ಪಿಸಿಕೊಳ್ಳುತ್ತದೆ, ಬಾಗದ ಸುಣ್ಣ ಸವೆಯುತ್ತದೆ. ಉದುರುವ ಪುಡಿ ಬಹುಪಾಲು ಕೆಂಪು ರಕ್ತಕಣಕ್ಕಿಂತ ಸಣ್ಣದು, ರಕ್ತದಲ್ಲೇ ಸಾಗಿಹೋಗುತ್ತದೆ.

ಇಲ್ಲಿ ಕಣ್ಣಿನಷ್ಟೇ ಕಿವಿಗೂ ಕೆಲಸ. ಯಂತ್ರದ ಕೀರಲು ದನಿ ಒಮ್ಮೆಲೇ ತಗ್ಗಿತೆಂದರೆ ತುದಿ ಗಟ್ಟಿ ಸುಣ್ಣಕ್ಕೆ ತಾಗಿ ವೇಗ ಬಿದ್ದಿದೆ. ತಕ್ಷಣ ಹಿಂದಕ್ಕೆಳೆಯಬೇಕು. ಬಲವಂತವಾಗಿ ತಳ್ಳಿದರೆ ಸಿಕ್ಕಿಕೊಳ್ಳಬಹುದು, ನಾಳ ತೂತಾಗಲೂಬಹುದು. ಹಕ್ಕಿ ಕುಕ್ಕಿದಂತೆ ಮುಂದೆ, ಹಿಂದೆ. ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿನ ಆಸುಪಾಸು, ನಡುವೆ ವಿರಾಮ. ಹೃದಯದ ಬಲಗಡೆಯ ನಾಳದಲ್ಲಿ ಕೊರೆಯುವಾಗ ನಾಡಿಬಡಿತ ಇಳಿಯುವ ಭಯವಿರುವುದರಿಂದ ತಾತ್ಕಾಲಿಕ ಪೇಸ್‌ಮೇಕರ್ ಸಿದ್ಧವಿಟ್ಟಿರುತ್ತಾರೆ.

ಸುಣ್ಣ ಗೋಡೆಯ ಆಳದಲ್ಲಿದ್ದರೆ ಕೊರೆತ ಅಲ್ಲಿಗೆ ಮುಟ್ಟುವುದಿಲ್ಲ. ಆಗ ಆಘಾತ ತರಂಗದಿಂದ ಕಿಡ್ನಿ ಕಲ್ಲು ಒಡೆಯುವ ಲಿಥೊಟ್ರಿಪ್ಸಿಯ ತಮ್ಮನನ್ನು, ಅಂದರೆ ರಕ್ತನಾಳದೊಳಗಿನ ಲಿಥೊಟ್ರಿಪ್ಸಿಯನ್ನು, ಕರೆಯಬೇಕು. ನಾಳದಷ್ಟೇ ಅಗಲದ ಬಲೂನನ್ನು 4 ಅಟ್ಮಾಸ್ಫಿಯರ್ ಒತ್ತಡಕ್ಕೆ ಮಾತ್ರ ಉಬ್ಬಿಸಿ, ಸೆಕೆಂಡಿಗೊಂದರಂತೆ ಹತ್ತು ಆಘಾತ ತರಂಗ ಕೊಡುತ್ತಾರೆ. ಆಮೇಲೆ ಒತ್ತಡ 6ಕ್ಕೆ. ಎರಡು ಮೂರು ಸುತ್ತಿನಲ್ಲಿ ಡಮರುವಿನ ಸೊಂಟ ಬಿಟ್ಟುಕೊಳ್ಳುವುದನ್ನು ಪರದೆಯ ಮೇಲೇ ನೋಡಬಹುದು. ಅಮೆರಿಕದಲ್ಲಿ ಹೃದಯದ ನಾಳಗಳಿಗೆ ಇದರ ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಬಲೂನು ಹೋಗದಿದ್ದರೆ ಮೊದಲು ರೋಟಾದಿಂದ ದಾರಿ ಮಾಡಿ, ನಂತರ ಇದನ್ನು ಕಳಿಸುವುದೂ ಇದೆ.

ಹಾಗೆಂದು ಸುಣ್ಣ ಕಂಡಲ್ಲೆಲ್ಲ ಯಂತ್ರ ಹಿಡಿಯಬೇಕಿಲ್ಲ. 2024ರಲ್ಲಿ ಹೊರಬಂದ ಎಕ್ಲಿಪ್ಸ್ ಅಧ್ಯಯನದಲ್ಲಿ ಸುಮಾರು 2,000 ರೋಗಿಗಳಿದ್ದರು. ಸುತ್ತುತ್ತಾ ಸವೆಸುವ ಆರ್ಬಿಟಲ್ ಯಂತ್ರವನ್ನು ಎಲ್ಲರಿಗೂ ಬಳಸಿದ ಗುಂಪಿಗೂ ಬಲೂನಿನಿಂದಲೇ ನಾಳ ಸಿದ್ಧಮಾಡಿದ ಗುಂಪಿಗೂ ಒಂದು ವರ್ಷದ ಫಲಿತಾಂಶದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಸ್ಟೆಂಟ್, ಆಮೇಲೆ ಮಾತ್ರೆ

ಗಟ್ಟಿ ಬಲೂನು ಕೋಲಿನಂತೆ ನೇರ ಉಬ್ಬಿದರೆ ಮಾತ್ರ ಸ್ಟೆಂಟ್. ಕೂರಿಸಿದ ಮೇಲೂ ಐವಸ್ ಅಥವಾ ಓಸಿಟಿ ಇಳಿಸಿ, ಸ್ಟೆಂಟ್ ಎಲ್ಲ ಕಡೆ ಅರಳಿದೆಯೇ, ಗೋಡೆಗೆ ಅಂಟಿದೆಯೇ ನೋಡಬೇಕು.

ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾಗಿದ್ದರೆ ಒಂದು ವರ್ಷ. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ವೈದ್ಯರು ಅವಧಿ ಕಡಿಮೆ ಮಾಡಬಹುದು. ಹಲ್ಲು ಕೀಳಿಸಬೇಕೆಂದು ಮಾತ್ರೆ ನೀವೇ ನಿಲ್ಲಿಸಬೇಡಿ, ಹೃದ್ರೋಗ ತಜ್ಞರಿಗೆ ಒಂದು ಫೋನ್ ಮಾಡಿ. ಸ್ಟೆಂಟಿನ ಅಳತೆ, ದಿನಾಂಕ, ರೋಟಾ ಮಾಡಿದರೇ ಲಿಥೊಟ್ರಿಪ್ಸಿ ಮಾಡಿದರೇ ಎಂಬ ವಿವರ ಡಿಸ್ಚಾರ್ಜ್ ಹಾಳೆಯಲ್ಲಿದೆಯೇ ನೋಡಿಕೊಂಡು, ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಎದೆ ನೋವೆಂದು ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಯ ವೈದ್ಯರು ಮೊದಲು ಕೇಳುವುದು ಅದನ್ನೇ.