ಝೊಲ್ನಾಯ್ ಕೊಳ್ಳುವಾಗ ನಾನು ಮುದ್ರೆ ನೋಡುವುದು ಕೊನೆಗೆ

ಬುಡಾಪೆಸ್ಟಿಗೆ ಕೆಲಸಕ್ಕೆಂದು ಬಂದ ಮೇಲೆ ಹತ್ತಿದ ಹುಚ್ಚು ಇದು, ಝೊಲ್ನಾಯ್ ಕಾರ್ಖಾನೆಯ ಮೆರುಗು ಹಚ್ಚಿದ ಮಣ್ಣಿನ ಹೂದಾನಿ, ಬೊಂಬೆಗಳನ್ನು ಕೂಡಿಡುವುದು. ಹಂಗೇರಿಯ ಪೇಚ್ ಊರಿನಲ್ಲಿ ಈ ಕಾರ್ಖಾನೆ ಶುರುವಾಗಿದ್ದು 1853ರಲ್ಲಿ. ಅದಕ್ಕೆ ಹೆಸರು ತಂದವರು ವಿಲ್ಮೋಶ್ ಝೊಲ್ನಾಯ್. ಇಲ್ಲಿನ ಮಥಿಯಾಸ್ ಚರ್ಚಿನ ಬಣ್ಣದ ಹೆಂಚುಗಳೂ ಅಲ್ಲಿಯವೇ. ಕೊಳ್ಳಲು ನಾನು ಹೋಗುವುದು ಹಳೇ ಸಾಮಾನಿನ ಎಚೆರಿ ಸಂತೆಗೆ, ಶನಿವಾರ ಬೆಳಿಗ್ಗೆ ಬೇಗ.

ಎಲ್ಲರೂ ಹೂದಾನಿ ಕೈಗೆತ್ತಿಕೊಂಡ ಕೂಡಲೇ ಕಾರ್ಖಾನೆಯ ಮುದ್ರೆ ನೋಡಲು ಬುಡ ತಿರುಗಿಸುತ್ತಾರೆ. ನಾನು ಮೊದಲು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ, ಅಜ್ಜಿ ಗಡಿಗೆ ಕೊಳ್ಳುವಾಗ ತಟ್ಟುತ್ತಿದ್ದ ಹಾಗೆ. ಒಡಕು ಸದ್ದು ಬಂದರೆ ಎಲ್ಲೋ ಬಿರುಕಿದೆ ಎಂದೇ ಅರ್ಥ. ಮೆರುಗಿನಲ್ಲಿ ಸಣ್ಣ ಸಣ್ಣ ಗೆರೆಗಳಿದ್ದರೆ ಹೆದರಬೇಡಿ, ಹಳೆಯ ಮಣ್ಣಿನ ಸಾಮಾನಿಗೆ ಅದು ಸಹಜ. ಅನುಮಾನ ಪಡಬೇಕಾದ್ದು ಅಂಚು ಮತ್ತು ಹಿಡಿಕೆಗಳ ಮೇಲೆ. ಮುರಿದ ಜಾಗ ತುಂಬಿ ಬಣ್ಣ ಬಳಿದಿರುತ್ತಾರೆ. ಅದಕ್ಕೇ ಜೇಬಿನಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್. ರಿಪೇರಿ ಬಣ್ಣ ಆ ಬೆಳಕಿಗೆ ಸಾಮಾನ್ಯವಾಗಿ ಬೇರೆ ಥರ ಹೊಳೆಯುತ್ತದೆ.

ಈಯೋಸಿನ್ ಮೆರುಗಿನದಾದರೆ ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. 1890ರ ದಶಕದಲ್ಲಿ ಬಂದ ಲೋಹದ ಹೊಳಪು ಇದು. ಒಳ್ಳೆಯ ಹಳೆಯ ಪಾತ್ರೆಯಲ್ಲಿ ಹಸಿರು, ನೇರಳೆ, ಕೆಂಪು ಒಂದರೊಳಗೊಂದು ಸರಿಯುತ್ತವೆ. ಹಸಿರು-ಬಂಗಾರದ ಪುಟ್ಟ ಬೊಂಬೆಗಳಂತೂ ಸಂತೆಯಲ್ಲಿ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು 1948ರಲ್ಲಿ ಕಾರ್ಖಾನೆ ಸರ್ಕಾರದ ಕೈಗೆ ಹೋದ ನಂತರದವು. ಚೆನ್ನಾಗೇ ಇವೆ, ಆದರೆ ಹಳೆಯ ಮಾಲಿನ ಬೆಲೆ ಯಾಕೆ ಕೊಡಬೇಕು ಅಲ್ವಾ?

ಇಷ್ಟಾದ ಮೇಲೆ ಬುಡ. ಐದು ಗೋಪುರಗಳ ಮುದ್ರೆ, ಅದರಲ್ಲಿ ಟಿ, ಜೆ, ಎಂ. ವಿಲ್ಮೋಶ್ ಅವರ ಮಕ್ಕಳು ತೆರೇಜ್, ಯೂಲಿಯಾ, ಮಿಕ್ಲೋಶ್ ಹೆಸರಿನ ಮೊದಲ ಅಕ್ಷರಗಳು. ಹೆಣ್ಣುಮಕ್ಕಳಿಬ್ಬರೂ ಕಾರ್ಖಾನೆಗೆ ವಿನ್ಯಾಸ ಬರೆದವರು. ಪಕ್ಕದಲ್ಲಿ ಮಣ್ಣಿಗೇ ಒತ್ತಿದ ನಂಬರೂ ಇರುತ್ತದೆ. ವ್ಯಾಪಾರಿಗಳು ಅದನ್ನು ತೋರಿಸಿಯೇ "ನೂರು ವರ್ಷ ಹಳೇದು" ಅನ್ನುತ್ತಾರೆ. ನಂಬರು ಹೇಳುವುದು ಆ ಆಕಾರದ ವಯಸ್ಸು, ನಿಮ್ಮ ಕೈಯಲ್ಲಿರುವ ಹೂದಾನಿಯದ್ದಲ್ಲ. ಹಳೆಯ ಆಕಾರವನ್ನು ಎಷ್ಟೋ ವರ್ಷಗಳ ನಂತರವೂ ಮತ್ತೆ ಮಾಡಿದ್ದಾರೆ. ನಾನು ಚೌಕಾಸಿ ಶುರು ಮಾಡುವುದು ಇಲ್ಲಿಂದಲೇ.

ಮನೆಗೆ ತಂದದ್ದನ್ನು ನೀರಿನಲ್ಲಿ ನೆನೆಹಾಕುವುದಿಲ್ಲ. ಗೆರೆಗಳೊಳಗೆ ನೀರಿಳಿದರೆ ಒಳಗಿನ ಮಣ್ಣು ಹೀರಿಕೊಂಡು ಕಲೆ ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಈಯೋಸಿನ್ ಪದರ ತೀರಾ ತೆಳು, ಅದಕ್ಕೆ ಪುಡಿ, ನಾರು ಯಾವುದೂ ಬೇಡ. ಹೂ ಇಡುವ ಆಸೆಯಿದ್ದರೆ ಒಳಗೊಂದು ಗಾಜಿನ ಲೋಟ ಇಟ್ಟು ಅದರಲ್ಲಿ ಇಡಿ.