ಮುಂಬೈಯಲ್ಲಿ ಹಳೇ ಚಂದಮಾಮ ಹುಡುಕುವುದು, ಹುಡುಕಿದ್ದನ್ನು ಮಳೆಗಾಲ ದಾಟಿಸುವುದು

ಹಳೇ ಪುಸ್ತಕ ಮಾರುವ ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಕನ್ನಡ ಚಂದಮಾಮ ಕೇಳಿ ಕಾಲು ನೋಯಿಸಿಕೊಳ್ಳಬೇಡಿ. ನಾನು ಎರಡು ವರ್ಷ ಕೇಳಿದ್ದೇನೆ, ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲೂ ಕೇಳಿದ್ದೇನೆ. ಅಲ್ಲಿ ಹಳೇ ಟಿಂಕಲ್, ಅಮರ ಚಿತ್ರ ಕಥೆ ಸಿಗಬಹುದು, ಎರಡೂ ಈ ಊರಿಂದಲೇ ಹೊರಟವು ತಾನೇ. ಅವನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು ಅಂತ ಅಂಗಡಿಯವನಿಗೆ ಹೇಳಿ ನೋಡಿ, ರೇಟೇನೂ ಇಳಿಯುವುದಿಲ್ಲ.

ಕನ್ನಡದ್ದು ಹೊರಗೆ ಬರುವುದು ಮನೆ ಖಾಲಿ ಮಾಡುವಾಗ. ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆ ಹಳೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋದರೆ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ, ಅದರಲ್ಲಿದ್ದದ್ದು ನೇರ ರದ್ದಿಯವನ ತಕ್ಕಡಿಗೆ. ಅದಕ್ಕೇ ರದ್ದಿಯವನನ್ನು ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಚಂದಮಾಮದ ಮರಾಠಿ ರೂಪ ಚಾಂದೋಬಾ ಗೊತ್ತಿರುತ್ತದೆ. ನಾನೂ ಜಾಣತನ ಮಾಡಿ, 'ಸೇಠ್, ಚಾಂದೋಬಾ ಥರದ್ದೇ, ಅಕ್ಷರ ಮಾತ್ರ ಗುಂಡಗಿರುತ್ತೆ' ಅಂದಿದ್ದೆ. ಪಾಪ, ಮೂರು ಕಿಲೋ ತೆಗೆದಿಟ್ಟು ಫೋನ್ ಮಾಡಿದ. ಹೋಗಿ ನೋಡಿದರೆ ಪೂರ್ತಿ ತೆಲುಗು! ಆಮೇಲೆ ಕನ್ನಡ ಮುಖಪುಟದ ಫೋಟೋ ಒಂದನ್ನು ಅವನ ಫೋನಿಗೇ ಕಳಿಸಿದೆ. ನೀವು ಮೊದಲ ದಿನವೇ ಕಳಿಸಿ.

ಆ ತೆಲುಗಿನದನ್ನೂ ಬಿಡಲಿಲ್ಲ. ಚಂದಮಾಮ 1947ರ ಜುಲೈನಲ್ಲಿ ಮದ್ರಾಸಿನಲ್ಲಿ ಶುರುವಾದದ್ದು ತೆಲುಗು ಮತ್ತು ತಮಿಳಿನಲ್ಲಿ, ಕನ್ನಡ ಆಮೇಲೆ ಸೇರಿತು. ಭಾಷೆ ಬೇರೆಯಾದರೂ ಚಿತ್ರಗಳು ಅವೇ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಆ ವಿಕ್ರಮನನ್ನು ಬರೆದ ಶಂಕರ್ ಎಲ್ಲ ಭಾಷೆಯ ಮಕ್ಕಳನ್ನೂ ಒಟ್ಟಿಗೇ ಹೆದರಿಸಿದವರು. ನಿಮ್ಮ ಕನ್ನಡ ಪ್ರತಿಯಲ್ಲಿ ಹಾಳೆ ಹರಿದು ಹೋಗಿದ್ದರೆ ಆ ಚಿತ್ರವನ್ನಾದರೂ ಚಾಂದೋಬಾದಲ್ಲಿ ಹುಡುಕಬಹುದು.

ದುಡ್ಡು ಕೊಡುವ ಮೊದಲು ಪುಟ ಎಣಿಸಿ. ವರ್ಷದ ಸಂಚಿಕೆಗಳನ್ನು ಬೈಂಡ್ ಮಾಡಿಸಿದ್ದರೆ ಇನ್ನೂ ಜಾಸ್ತಿ ಹುಷಾರು, ಧಾರಾವಾಹಿಯ ಪುಟಗಳನ್ನಷ್ಟೇ ಕಿತ್ತು ಹೊಲಿಸಿಕೊಂಡವರು ಆಗ ಮನೆಗೊಬ್ಬರಿದ್ದರು. ನಮ್ಮ ಮನೆಯಲ್ಲಿ ದೊಡ್ಡಪ್ಪ.

ಮನೆಗೆ ತಂದದ್ದನ್ನು ಸೀದಾ ಕಪಾಟಿಗೆ ಸೇರಿಸಬೇಡಿ, ಒಳಗೆ ಹುಳ ಇದ್ದರೆ ನಿಮ್ಮ ಉಳಿದ ಪುಸ್ತಕವೂ ಹೋಗುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಎರಡು ವಾರ ಫ್ರೀಝರ್‌ನಲ್ಲಿಡಿ. ಬಂಗುಡೆ ಪಕ್ಕ ಬೇತಾಳ ಮಲಗಿದ್ದಾನೆ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿರುವ ಕಾಗದದ ಮೇಲೆ ನೀರು ಕೂರುತ್ತದೆ.

ಆಮೇಲೆ ಪಿನ್ನು. ತುಕ್ಕು ಹಿಡಿದ ಪಿನ್ನೇ ಹಾಳೆಯನ್ನು ತಿನ್ನುವುದು. ಅದರ ಕಾಲುಗಳನ್ನು ನಿಧಾನ ನೆಟ್ಟಗೆ ಮಾಡಿ ತೆಗೆದು, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಗಂಟು ಹಾಕಿ. ಹರಿದ ಕಡೆ ಸೆಲೋಟೇಪ್ ಮಾತ್ರ ಬೇಡವೇ ಬೇಡ. ನಾನು ಹಚ್ಚಿದ್ದೆ. ಕೆಲವು ವರ್ಷ ಕಳೆದ ಮೇಲೆ ಟೇಪ್ ಉದುರಿತು, ಅಂಟು ಮಾತ್ರ ಹಳದಿಯಾಗಿ ಅಲ್ಲೇ ಉಳಿಯಿತು, ಬೇತಾಳನಿಗೆ ಕಾಮಾಲೆ ಬಂದ ಹಾಗೆ. ತೆಳು ಟಿಶ್ಯೂ ಕಾಗದ, ತಿಳಿಯಾದ ಮೈದಾ ಗಂಜಿ ಸಾಕು. ಲ್ಯಾಮಿನೇಶನ್ ಯೋಚನೆ ಇದ್ದರೆ ಈಗಲೇ ಬಿಡಿ.

ಇಡುವುದಕ್ಕೆ ಮೂಲೆ ಹುಡುಕುವಾಗ ಹೊರಗಿನ ಗೋಡೆಗೆ ತಾಗಿದ ಕಪಾಟು ಬೇಡ, ಜುಲೈನಲ್ಲಿ ಆ ಗೋಡೆ ಬೆವರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಒಳಗೇ ಬೂಷ್ಟು ಬರುತ್ತದೆ, ಒಗೆದ ಹಳೇ ಪಂಚೆ ಒಳ್ಳೆಯದು. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದಾದರೆ ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ, ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಬೇಡಿ.

ಗಣಪತಿ ಹಬ್ಬ ಕಳೆದು ಮಳೆ ಸ್ವಲ್ಪ ಬಿಟ್ಟಾಗ ಎಲ್ಲವನ್ನೂ ಹೊರಗೆ ತೆಗೆದು, ಬಿಸಿಲಿಗೆ ಹಾಕದೆ, ಫ್ಯಾನಿನ ಕೆಳಗೆ ಅರ್ಧ ದಿನ ಹರಡಿ. ಹಾಳೆ ಹಾರದ ಹಾಗೆ ಮೇಲೆ ಲಟ್ಟಣಿಗೆ ಇಟ್ಟರೆ ಆಯಿತು.